ಗ್ರಾಸಿಂಗ್ ಮೇಜಿನ ಗಾಳಿ: ನನ್ನ ಅನುಭವ

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗವನ್ನು ಕೊಯ್ದು ನೋಡಿ, ಸೂಕ್ಷ್ಮದರ್ಶಕದ ಪರೀಕ್ಷೆಗೆ ಬೇಕಾದ ತುಣುಕುಗಳನ್ನು ಆರಿಸುವ ಕೆಲಸವನ್ನು ರೋಗಶಾಸ್ತ್ರ ವಿಭಾಗದಲ್ಲಿ ಗ್ರಾಸಿಂಗ್ ಎನ್ನುತ್ತೇವೆ. ನಾನು ಸೇರಿದಾಗ ಆ ಕೋಣೆಯಲ್ಲಿದ್ದದ್ದು ಒಂದು ಗ್ರಾನೈಟ್ ಕಟ್ಟೆ, ಒಂದು ಸಿಂಕ್ ಮತ್ತು ಕಟ್ಟೆಯ ಎದುರಿನ ಗೋಡೆಯಲ್ಲಿ ಎತ್ತರಕ್ಕೆ ಕೂರಿಸಿದ ಎಕ್ಸಾಸ್ಟ್ ಫ್ಯಾನ್. ಅಂಗಗಳು ಕೊಳೆಯದಂತೆ ಇಡುವ ಫಾರ್ಮಾಲ್ಡಿಹೈಡ್ ದ್ರಾವಣವಾದ ಫಾರ್ಮಲಿನ್‌ನ ಆವಿಯನ್ನು ಫ್ಯಾನು ಹೊರಗೆ ಹಾಕುತ್ತಿದ್ದದ್ದು ನಿಜ. ಆದರೆ ಕಟ್ಟೆಯಿಂದ ಅಲ್ಲಿಗೆ ಏರುವ ಹಾದಿಯಲ್ಲಿ ನಮ್ಮ ಮೂಗು ಇರುತ್ತಿತ್ತು.

ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ನಿರ್ಧರಿಸಿತ್ತು. ಅಮೆರಿಕದ ನಿಯಮದಂತೆ ಎಂಟು ಗಂಟೆಗಳ ಸರಾಸರಿಯಲ್ಲಿ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು 0.75 ಭಾಗವನ್ನು ಮೀರಬಾರದು. ಕಷ್ಟವೆಂದರೆ, ಮೂಗು ವಾಸನೆಗೆ ಬೇಗ ಒಗ್ಗಿಹೋಗುತ್ತದೆ. 'ಇವತ್ತು ಅಷ್ಟಿಲ್ಲ ಬಿಡಿ' ಎನ್ನುವವರ ಮಾತನ್ನು, ನನ್ನದನ್ನೂ ಸೇರಿಸಿ, ನಂಬುವಂತಿಲ್ಲ.

ಕೊನೆಗೆ ರಂಧ್ರಗಳಿರುವ ಸ್ಟೇನ್‌ಲೆಸ್ ಸ್ಟೀಲ್ ಹಲಗೆಯ ಮೂಲಕ ಗಾಳಿಯನ್ನು ಕೆಳಕ್ಕೆ ಎಳೆದುಕೊಳ್ಳುವ ಮೇಜು ಬಂತು. 1.5 ಮೀಟರ್ ಉದ್ದ, 0.6 ಮೀಟರ್ ಅಗಲದ ಮೇಲ್ಮೈಯಲ್ಲಿ ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಇಳಿಯಬೇಕಾದರೆ ಬ್ಲೋವರ್ ಗಂಟೆಗೆ ಸುಮಾರು 1,600 ಘನ ಮೀಟರ್ ಎಳೆಯಬೇಕು. ಬ್ಲೋವರ್ ಅಷ್ಟು ಶಕ್ತಿಯದೇ ಆಗಿದ್ದರೂ ಮೊದಲ ವಾರವೇ ಕಣ್ಣು ಮತ್ತೆ ಉರಿಯತೊಡಗಿತು.

ಜಾಡಿಗಳನ್ನೂ ಸ್ಪಿರಿಟ್ಟನ್ನೂ ಹೊರಗೆ ಸಾಗಿಸಿ, ಖಾಲಿ ಮೇಜಿನ ಮೇಲೆ ಊದುಬತ್ತಿ ಹಿಡಿದು ನೋಡಿದೆ. ನಡುವೆ ಹೊಗೆ ನೇರವಾಗಿ ಕೆಳಗಿಳಿಯಿತು, ಆದರೆ ನಾವು ನಿಲ್ಲುವ ಅಂಚಿನಲ್ಲಿ ಸುಳಿಯಾಗಿ ಮೇಲೆದ್ದಿತು. ಸೀಲಿಂಗ್ ಫ್ಯಾನ್ ಅದನ್ನು ಕದಡುತ್ತಿತ್ತು, ಹಳೆಯ ಎಕ್ಸಾಸ್ಟ್ ಫ್ಯಾನ್ ತನ್ನ ಕಡೆಗೆ ಸೆಳೆಯುತ್ತಿತ್ತು. ಎರಡನ್ನೂ ನಿಲ್ಲಿಸಿದಾಗ ಸುಧಾರಿಸಿತಾದರೂ, ಬಾಗಿಲು ಹಾಕಿದೊಡನೆ ಸೆಳೆತ ಕುಗ್ಗಿತು. ಒಳಗೆ ಗಾಳಿ ಬರಲು ದಾರಿಯಿಲ್ಲದ ಕೋಣೆಯಿಂದ ಬ್ಲೋವರ್ ತಾನೇ ಏನನ್ನು ಎಳೆದೀತು? ಬಾಗಿಲಿನ ಕೆಳಭಾಗದಲ್ಲಿ ಜಾಲಂದ್ರ ಕೊರೆಸಿದೆವು. ಬ್ಲೋವರ್ ಎಳೆದ ಗಾಳಿಯನ್ನು ಹೊರಗೆ ಬಿಡುವ ಕೊಳವೆಯ, ಅಂದರೆ ಡಕ್ಟಿನ, ಬಾಯಿ ಪಕ್ಕದ ಓಣಿಯ ಕಿಟಕಿಯ ಹತ್ತಿರವೇ ಇದ್ದುದರಿಂದ ಅದನ್ನು ತಾರಸಿಗಿಂತ ಎತ್ತರಕ್ಕೆ ಒಯ್ಯಿಸಿದೆವು. ಡಕ್ಟಿನ ಬದಲು ಇದ್ದಿಲಿನ ಫಿಲ್ಟರ್ ಸಾಕೆಂದು ಮಾರಾಟಗಾರರು ಮೊದಲೇ ಒತ್ತಾಯಿಸಿದ್ದರು. ಬರಿಯ ಇದ್ದಿಲು ಫಾರ್ಮಾಲ್ಡಿಹೈಡನ್ನು ಚೆನ್ನಾಗಿ ಹಿಡಿದಿಡುವುದಿಲ್ಲ, ಅದಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟಿನಂತಹ ರಾಸಾಯನಿಕದ ಲೇಪ ಬೇಕು, ಅದನ್ನೂ ಕಾಲಕಾಲಕ್ಕೆ ಬದಲಿಸಬೇಕು. ನಮ್ಮಲ್ಲಿ ಯಾರು ನೆನಪಿಟ್ಟು ಬದಲಿಸುತ್ತಾರೆ!

ಇನ್ನೊಂದು ತಪ್ಪು ನನ್ನದೇ. ಸ್ತನ ಅಥವಾ ಕರುಳಿನಂತಹ ದೊಡ್ಡ ಮಾದರಿ ಬಂದಾಗ ಅಗಲವಾದ ಟ್ರೇಯಲ್ಲಿಟ್ಟು ಕೊಯ್ಯುತ್ತಿದ್ದೆ. ಟ್ರೇ ಅರ್ಧದಷ್ಟು ರಂಧ್ರಗಳನ್ನು ಮುಚ್ಚುತ್ತಿತ್ತು, ಅದರೊಳಗಿನ ಫಾರ್ಮಲಿನ್ ನೇರವಾಗಿ ಮುಖಕ್ಕೆ ಬರುತ್ತಿತ್ತು. ಈಗ ಮಾದರಿಯನ್ನು ಹರಿಯುವ ನೀರಿನಲ್ಲಿ ತೊಳೆದು, ಕಾಲುಗಳಿರುವ ಚಿಕ್ಕ ಹಲಗೆಯ ಮೇಲಿಟ್ಟು ಕೊಯ್ಯುತ್ತೇವೆ. ಜಾಡಿಯ ಮುಚ್ಚಳವನ್ನು ಮೇಜಿನ ಮೇಲೆಯೇ ತೆರೆದು ಅಲ್ಲಿಯೇ ಮುಚ್ಚುತ್ತೇವೆ.

ಬೇಸಿಗೆಯಲ್ಲಿ ಪ್ಲಾಸ್ಟಿಕ್ ಏಪ್ರನ್ ತೊಟ್ಟು ಫ್ಯಾನಿಲ್ಲದೆ ನಿಲ್ಲುವುದು ಸುಲಭವಲ್ಲ. ಸೀಲಿಂಗ್ ಫ್ಯಾನಿನ ಸ್ವಿಚ್ಚಿಗೆ ನಾನು ಅಂಟಿಸಿದ್ದ ಟೇಪನ್ನು ಏಪ್ರಿಲಿನಲ್ಲಿ ಯಾರೋ ಕಿತ್ತಿದ್ದರು. ಯಾರೆಂದು ವಿಚಾರಿಸಲಿಲ್ಲ, ಫ್ಯಾನನ್ನೇ ಕಳಚಿಸಿ, ಮೇಜಿನತ್ತ ಗಾಳಿ ಬೀಸದ ಹಾಗೆ ಒಂದು ಏಸಿ ಕೂರಿಸಿಕೊಡಿ ಎಂದು ಅರ್ಜಿ ಬರೆದೆ.