ವಿಶ್ವಾಸ ಬಿಟ್ಟುಬಿಡೋಣ ಅನ್ನಿಸಿದಾಗ ಮಾಡಬೇಕಾದ್ದು

ಕೂತು ಯೋಚಿಸಿ, ತೀರ್ಮಾನಿಸಿ ಕ್ರೈಸ್ತ ವಿಶ್ವಾಸ ಬಿಡುವವರು ಕಡಿಮೆ. ಕೊಡಗಿನಲ್ಲಿ ಅದು ಜಾರುವುದು ಹೀಗೆ: ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ತೋಟದ ದಾರಿ ಕೆಸರಾಗುತ್ತದೆ, ಭಾನುವಾರದ ಆರಾಧನೆ ತಪ್ಪುತ್ತದೆ. ಮಳೆ ಬಿಟ್ಟಾಗ ‘ಇಷ್ಟು ದಿನ ಎಲ್ಲಿದ್ರಿ’ ಎಂದು ಕೇಳಿಯಾರೆಂಬ ಸಂಕೋಚ. ಅಷ್ಟರಲ್ಲಿ ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ಮೊದಲು ರೂಢಿ ತಪ್ಪಿತು, ನಂಬಿಕೆ ಅದರ ಹಿಂದೆ ಹೋಯಿತು. ಸರಿಪಡಿಸುವುದೂ ಅದೇ ಕ್ರಮದಲ್ಲಿ.

ಮೊದಲು ಕಾರಣವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ದಣಿವೇ, ಮನೆಯಲ್ಲಾದ ಸಾವೇ, ಸಭೆಯವರ ಜೊತೆ ಜಗಳವೇ, ಮುಚ್ಚಿಟ್ಟ ಪಾಪವೇ, ಉತ್ತರ ಸಿಗದ ಪ್ರಶ್ನೆಯೇ? ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಪಾಪವಾದರೆ ಕಥೋಲಿಕರಿಗೆ ಪಾಪನಿವೇದನೆ ಇದೆ. ಉಳಿದವರು ಬಾಯಿಬಿಡದ ಒಬ್ಬ ಹಿರಿಯರ ಬಳಿ ಹೇಳಿಕೊಳ್ಳಲಿ. ದಣಿದವರಿಗೆ ‘ಇನ್ನೂ ಹೆಚ್ಚು ಪ್ರಾರ್ಥಿಸಿ’ ಅನ್ನುವುದಂತೂ ಶುದ್ಧ ತಪ್ಪು. ಸತ್ಯವೇದದ 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾವು ಬೇಡಿ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ ಉಣಿಸಿದ. ‘ಇಲ್ಲೇನು ಮಾಡುತ್ತೀ’ ಎಂಬ ದೇವರ ಪ್ರಶ್ನೆ ಬಂದದ್ದು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ದಿನಕ್ಕೆ 10 ನಿಮಿಷ ಸಾಕು, ಹೊತ್ತು ಮಾತ್ರ ಬದಲಾಗಬಾರದು. ಕೆಲಸಕ್ಕೆ ಹೊರಡುವ ಮುಂಚಿನ ಕಾಫಿಯ ಹೊತ್ತು ಒಳ್ಳೆಯದು. ರಾತ್ರಿಗೆ ಇಟ್ಟುಕೊಂಡರೆ ನಿದ್ದೆ ಗೆಲ್ಲುತ್ತದೆ. 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ: ಆರೇ ವಚನ, ಮೊದಲೆರಡರಲ್ಲೇ ದೇವರಿಗೆ ನಾಲ್ಕು ಸಲ ‘ಎಷ್ಟರವರೆಗೆ’ ಎಂಬ ಪ್ರಶ್ನೆ. ಮನಸ್ಸಿನಲ್ಲೇ ಓದಿದರೆ ಯೋಚನೆ ಎಲ್ಲೆಲ್ಲೋ ಹೋಗುತ್ತದೆ. ಆಮೇಲೆ ಮಾರ್ಕನ ಸುವಾರ್ತೆಯ ಅರ್ಧ ಅಧ್ಯಾಯ. 16 ಅಧ್ಯಾಯ 32 ದಿನಕ್ಕೆ ಮುಗಿಯುತ್ತದೆ. ಏನೂ ಬೇಡವೆನಿಸಿದ ದಿನ 88ನೇ ಕೀರ್ತನೆ: ಅದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಮಾತಿಲ್ಲ, ಆದರೂ ಪ್ರಾರ್ಥನೆಯೇ. ಜಪಸರ ಹೇಳುವವರು ಐದು ದಶಕ (ಹತ್ತು ಮಣಿಗಳ ಗುಂಪು) ಎಳೆಯದೆ ಒಂದನ್ನೇ ಹೇಳಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಮೊಬೈಲೂ ಸಾಯುತ್ತದೆ, ಅಚ್ಚಾದ ಸತ್ಯವೇದ ಕೈಗೆ ಸಿಗುವಲ್ಲಿರಲಿ.

ಹೆಚ್ಚಿನವರು ಸೋಲುವುದು ಅತಿಯಿಂದ. ತಪ್ಪಿದ ಭಯಕ್ಕೆ ಉಪವಾಸ, ಇಡೀ ರಾತ್ರಿ ಜಾಗರಣೆ, ಸತ್ಯವೇದವನ್ನು ಮೊದಲ ಪುಸ್ತಕ ಆದಿಕಾಂಡದಿಂದ ಓದುವ ಹರಕೆ. ಮೂರನೇ ಪುಸ್ತಕ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಒಂದು ದಿನ ತಪ್ಪಿದರೆ ಮರುದಿನ 20 ನಿಮಿಷ ಮಾಡಬೇಡಿ. ಹತ್ತೇ ಮಾಡಿ.

ಭಾನುವಾರಕ್ಕೆ ಶನಿವಾರ ಸಂಜೆಯೇ ಯಾರದಾದರೂ ಜೀಪಿನಲ್ಲಿ ಜಾಗ ಹೇಳಿಡಿ. ಮಾತು ಕೊಟ್ಟ ಮೇಲೆ ಮುಸುಕು ಹೊದ್ದು ಮಲಗುವುದು ಕಷ್ಟ. ಹಿಂದಿನ ಬೆಂಚಿನಲ್ಲಿ ಕೂರಿ, ಹಾಡಲು ಮನಸ್ಸಿಲ್ಲದಿದ್ದರೆ ಬೇಡ.

ಬಿಡುವ ತೀರ್ಮಾನವನ್ನು ಜುಲೈನಲ್ಲಾಗಲಿ ಕೊಯ್ಲಿನ ನಡುವೆಯಾಗಲಿ ಮಾಡಬೇಡಿ. ಮನಸ್ಸು ಒಣಗಿದ ಕಾಲದಲ್ಲಿ ಹಿಂದಿನ ನಿರ್ಧಾರ ಬದಲಿಸಬಾರದೆಂದು ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲೇ ಹೇಳಿದ್ದರು. ಕೊಯ್ಲು ಮುಗಿದು ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ, ಫಾದರ್ ಅಥವಾ ಸಭಾಪಾಲಕರ ಎದುರು ಕೂತು ಆ ಒಂದು ಸಾಲಿನ ಕಾರಣವನ್ನು ಮತ್ತೆ ಓದಿ.

ಎರಡು ವಾರದಿಂದ ನಿದ್ದೆ, ಹಸಿವು ಎರಡೂ ಇಲ್ಲ ಎಂದರೆ ವೈದ್ಯರನ್ನೂ ಕಾಣಬೇಕು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ: ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416.