ಬಾಂಬರ್ ವಿಮಾನದ ಶೆಟರ್ ರಿಪೇರಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದು ಶೆಟರ್ ಮಾಡುವ ಅಂಗಡಿ. ಅದಕ್ಕೂ ಮುಂಚೆ 20 ವರ್ಷ ಏರ್‌ಫೋರ್ಸಿನಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈ ರಿಪೇರಿ ಮಾಡುವವ, ಆಗಿದ್ದೆ. ಈ ಎರಡು ಕೆಲಸ ಒಂದು ದಿನ ಕೂಡಿಕೊಳ್ಳುತ್ತವೆ ಅಂತ ಅಂದುಕೊಂಡಿರಲಿಲ್ಲ. ಕೂಡಿಸಿದ್ದು ಲಿಬರೇಟರ್.

ಬಿ-24 ಲಿಬರೇಟರ್ ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್. ನಾಲ್ಕು ಎಂಜಿನ್, ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಬಾಂಬು ಬೀಳಿಸುವ ಹೊಟ್ಟೆಯ ಬಾಗಿಲು ಬೇರೆ ಬಾಂಬರುಗಳ ಹಾಗೆ ಕೆಳಕ್ಕೆ ಜೋತುಬೀಳುವುದಿಲ್ಲ. ಅಂಗಡಿ ಶೆಟರಿನ ಹಾಗೆ ಪಕ್ಕದ ಕಾಲುವೆಯಲ್ಲಿ (ಚಾನೆಲ್) ಜಾರಿ, ವಿಮಾನದ ಮೈಗೆ ಅಂಟಿಕೊಂಡೇ ಮೇಲೇರುತ್ತದೆ. ಗಾಳಿಗೆ ಅಡ್ಡ ಬರಬಾರದಲ್ವಾ, ಅದಕ್ಕೆ. ಒಂದು ಮ್ಯೂಸಿಯಂನವರು ಅಂಥ ಬಾಗಿಲೊಂದರ ತುಂಡುಗಳನ್ನು ಲಾರಿಯಲ್ಲಿ ಹಾಕಿಸಿ ನನ್ನ ಹತ್ತಿರ ಕಳಿಸಿದರು. ಇಳಿಸಿಕೊಂಡ ಹುಡುಗ ನೋಡಿದವನೇ, "ಉಸ್ತಾದ್, ಇದು ನಮ್ಮ ಶೆಟರೇ ಅಲ್ಲೇನ್ರಿ?" ಅಂದ. ಹೌದಪ್ಪ, ಆದರೆ ಅಲ್ಯೂಮಿನಿಯಂ ಅಂದೆ.

ಅಲ್ಲೇ ಇತ್ತು ತೊಂದರೆ. ನಮ್ಮದು ಕಬ್ಬಿಣದ ಅಂಗಡಿ. ಗ್ರೈಂಡರ್ ಹಚ್ಚಿದರೆ ಕಬ್ಬಿಣದ ಪುಡಿ ಹಾರುತ್ತದೆ. ಅದು ಅಲ್ಯೂಮಿನಿಯಂ ಮೇಲೆ ಕೂತು ತೇವ ಸಿಕ್ಕರೆ ಅಲ್ಲಿಂದಲೇ ತಿನ್ನಲು ಶುರು. ಹಿಂದಿನ ಶೆಡ್ಡನ್ನು ತೊಳೆಸಿ, ಪರದೆ ಕಟ್ಟಿ, ಆ ಕೆಲಸಕ್ಕೆ ಬೇರೆ ಅರ, ಬೇರೆ ಡ್ರಿಲ್ ಬಿಟ್‌ಗಳನ್ನು ಇಟ್ಟೆ. ತಂತಿ ಬ್ರಶ್ ಒಳಗೆ ತಂದವನಿಗೆ ಬೈಗುಳ ಗ್ಯಾರಂಟಿ. ಉಜ್ಜಲು ನೈಲಾನ್ ಬ್ರಶ್ ಮಾತ್ರ.

ತುಂಡುಗಳ ಸ್ಥಿತಿ ಹೇಳಬೇಕು. ಮೇಲಿಂದ ಚೆನ್ನಾಗಿಯೇ ಇದ್ದವು. ತೆಳು ತಗಡಿನ ಒಳಗಡೆ ಗಟ್ಟಿ ಬರಲಿ ಅಂತ ಮಡಿಕೆ ತಗಡು ಕೂಡಿಸಿ ರಿವೆಟ್ ಹೊಡೆದಿರುತ್ತಾರೆ. ಆ ಮಡಿಕೆ ಬಿಚ್ಚಿದರೆ ಸುಣ್ಣದಂಥ ಬಿಳಿ ಪುಡಿ, ಅದರ ನಡುವೆ ಇಲಿ ಗೂಡು. ಇಲಿ ಉಚ್ಚೆ ಅಲ್ಯೂಮಿನಿಯಂಗೆ ವಿಷ ಇದ್ದಂತೆ. ಕೆಲವು ಕಡೆ ತಗಡಿನ ಅಂಚು ಚಿರೋಟಿಯ ಹಾಗೆ ಪದರ ಪದರವಾಗಿ ಎದ್ದಿತ್ತು. ಚಿರೋಟಿ ಆದ ಜಾಗಕ್ಕೆ ಔಷಧಿ ಇಲ್ಲ, ಕತ್ತರಿಸಿ ಹೊಸ ತುಂಡು ಹಾಕಬೇಕು. ಉಳಿದದ್ದನ್ನು ಆದಷ್ಟು ಉಳಿಸಿಕೊಳ್ಳಬೇಕು.

ಒಂದು ಪಟ್ಟಿಯ ಒಳಮೈಯಲ್ಲಿ ಅಂಗೈ ಅಗಲದ ತೇಪೆ ಇತ್ತು. ಸುತ್ತಿಗೆ ಏಟು ಕಾಣುವ, ಸ್ವಲ್ಪ ಸೊಟ್ಟ ತೇಪೆ. ನನಗೆ ಸಿಟ್ಟು ಬಂತು, ಎಂಥ ಕೆಲಸಗಾರ ಇವನು ಅಂತ. ಎಮರಿ ಕಾಗದ ತಗೊಂಡು ಉಜ್ಜಿ ನಯ ಮಾಡಲು ಹೊರಟೆ. ಆ ತಗಡಿನ ಮೇಲ್ಮೈಗೆ ಅಚ್ಚ ಅಲ್ಯೂಮಿನಿಯಂನ ತೆಳು ಪೊರೆ ಇರುತ್ತದೆ, ಒಳಗಿನ ಮಿಶ್ರಲೋಹವನ್ನು ಕಾಯುವುದೇ ಅದು. ಎಮರಿಗೆ ಒಂದು ಮೂಲೆಯ ಪೊರೆ ಹೋಯಿತು, ಜೊತೆಗೆ ಪೆನ್ಸಿಲಿನಲ್ಲಿ ಬರೆದಿದ್ದ ಒಂದು ಅಂಕಿ ಅರ್ಧ ಅಳಿಸಿತು. ಆಗ ಕೈ ನಿಂತಿತು. ಪೆನ್ಸಿಲ್ ಯಾರದು?

ಯುದ್ಧ ಮುಗಿದಾಗ ಬ್ರಿಟಿಷರು ಈ ವಿಮಾನಗಳನ್ನು ಕಾನ್ಪುರದಲ್ಲಿ ಬಿಟ್ಟು ಹೋದರು. ಸುಮ್ನೆ ಬಿಡಲಿಲ್ಲ. ಮತ್ತೆ ಹಾರಬಾರದು ಅಂತ ಜಜ್ಜಿ, ಎಂಜಿನ್ನಿಗೆ ಮರಳು ಸುರಿದು ಹೋದರು. 1948ರಿಂದ ಬೆಂಗಳೂರಿನ ಎಚ್‌ಎಎಲ್‌ನವರು ಆ ಗುಜರಿಯಿಂದಲೇ 40ಕ್ಕೂ ಜಾಸ್ತಿ ಲಿಬರೇಟರ್ ಎಬ್ಬಿಸಿದರು. ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದವರು ಅವರ ಪೈಲಟ್ ಜಮ್‌ಶೇದ್ ಮುನ್ಷಿ. 1968ರವರೆಗೆ ಅವು ನಮ್ಮ ವಾಯುಪಡೆಯಲ್ಲಿದ್ದವು. ಈ ಸೊಟ್ಟ ತೇಪೆ ಆ ಫಿಟ್ಟರುಗಳಲ್ಲಿ ಒಬ್ಬನದೇ ಇರಬಹುದು. ಮ್ಯೂಸಿಯಂಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ, ತೇಪೆ ಹಾಗೇ ಇರಲಿ ಅಂದೆ. ಅವರೂ ಹೂಂ ಅಂದರು. ಪೊರೆ ಹೋದ ಮೂಲೆಗೆ ಪ್ರೈಮರ್ ಕೊಟ್ಟೆ.

ರಿವೆಟ್ ತೆಗೆಯುವುದು ತಾಳ್ಮೆಯ ಕೆಲಸ. ತಲೆಯ ನಡುವೆ ಸಣ್ಣ ಗುಳಿ ಇದ್ದರೆ ಅದೃಷ್ಟ, ಡ್ರಿಲ್ ಅಲ್ಲೇ ಕೂರುತ್ತದೆ. ತಲೆಯಷ್ಟೇ ಕೊರೆದು, ಉಳಿದದ್ದನ್ನು ಪಂಚ್ ಇಟ್ಟು ಮೆಲ್ಲಗೆ ತಟ್ಟಬೇಕು. ಪೂರ್ತಿ ಕೊರೆದರೆ ತೂತು ದೊಡ್ಡದಾಗುತ್ತದೆ.

ಇನ್ನೊಂದು ಪೆಟ್ಟು ಕೊಟ್ಟದ್ದು ನಮ್ಮೂರ ಬಿಸಿಲು. ಏಪ್ರಿಲ್ ಮಧ್ಯಾಹ್ನ ಹೊಸ ಪಟ್ಟಿಯನ್ನು ಅಂಗಳದಲ್ಲಿಟ್ಟು, ಹಳೆಯದರ ಅಳತೆ ನೋಡಿ ತೂತು ಹಾಕಿಸಿದೆ. ಹಳೆಯದು ಶೆಡ್ಡಿನ ನೆರಳಲ್ಲಿತ್ತು. ಮರುದಿನ ಬೆಳಿಗ್ಗೆ ಕೂಡಿಸಿದರೆ ಕೊನೆಯ ತೂತುಗಳು ಕೂಡುತ್ತಿಲ್ಲ. ಒಂದೂವರೆ ಮೀಟರ್ ಅಲ್ಯೂಮಿನಿಯಂ 25 ಡಿಗ್ರಿ ಜಾಸ್ತಿ ಕಾದರೆ ಮುಕ್ಕಾಲು ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಅಂಗಡಿ ಶೆಟರಿನಲ್ಲಿ ಅದನ್ನು ಯಾರು ನೋಡುತ್ತಾರೆ? ಆ ತಗಡು ದಂಡ. ಅಲ್ಲಿಂದ ಮುಂದೆ ಅಳತೆ, ಕೊರೆತ ಎರಡೂ ಬೆಳಿಗ್ಗೆ ಎಂಟರ ಒಳಗೆ, ನೆರಳಲ್ಲಿ.

ಬಾಗಿಲನ್ನು ವಿಮಾನಕ್ಕೆ ಕೂಡಿಸಲು ಮ್ಯೂಸಿಯಂಗೆ ನಾನೇ ಹೋದೆ. ವಿಮಾನದ ಹೊಟ್ಟೆಯಲ್ಲಿ ಓಡಾಡಲು ಇರುವುದು ಒಂದು ಗೇಣು ಅಗಲದ ಹಲಗೆ, ಅಷ್ಟೇ. ಯುದ್ಧದಲ್ಲಿ ಇದನ್ನು ಹಾರಿಸಿದ ಹುಡುಗರು ಆಕಾಶದಲ್ಲಿ, ತೆರೆದ ಬಾಗಿಲ ಮೇಲೆ ಅದರಲ್ಲಿ ಹೇಗೆ ದಾಟಿದರೋ. ನಾನು ನೆಲದ ಮೇಲಿದ್ದ ವಿಮಾನದಲ್ಲೇ ಕಂಬಿ ಹಿಡಿದುಕೊಂಡೆ. ಬಾಗಿಲು ಅರ್ಧ ಏರಿ ಸಿಕ್ಕಿಕೊಂಡಿತು. ಕಾಲುವೆಗೆ ಮೇಣದಬತ್ತಿ ತಿಕ್ಕಿದೆ, ನಮ್ಮ ಅಂಗಡಿಯ ಹಳೆ ಉಪಾಯ. ಸರ್ರನೆ ಏರಿತು.

ಬಿಲ್ಲು ಬರೆಯುವಾಗ ಏನಂತ ಬರೆಯುವುದು ತಿಳಿಯಲಿಲ್ಲ. ‘ಶೆಟರ್ ರಿಪೇರಿ, 1 ನಗ’ ಅಂತ ಬರೆದು ಕಳಿಸಿದೆ. ವಾರ ಬಿಟ್ಟು ಅವರ ಲೆಕ್ಕದವರು ಫೋನ್ ಮಾಡಿದರು: "ನಮ್ಮ ಯಾವ ಗೇಟಿನ ಶೆಟರ್ ಸರ್ ಇದು?"