ಮಗಳ ಹುಟ್ಟುಹಬ್ಬಕ್ಕೆ ಹಜಾರದಲ್ಲೊಂದು ಸ್ಕೀ-ಬಾಲ್

ನಾವು ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದಾಗ, 1998ರಲ್ಲಿ, ನನ್ನ ಏಳನೆಯ ಹುಟ್ಟುಹಬ್ಬ ನಡೆದದ್ದು ಚಕ್ ಇ. ಚೀಸ್‌ನಲ್ಲಿ. ಪಿಜ್ಜಾ ಬೇಯುವಷ್ಟು ಹೊತ್ತು ಮಕ್ಕಳು ಆಟದ ಯಂತ್ರಗಳಿಗೆ ಟೋಕನ್ ಹಾಕಿ ಆಡುತ್ತಿರಲಿ ಎಂಬ ಲೆಕ್ಕಾಚಾರದಲ್ಲಿ ವಿಡಿಯೊ ಗೇಮ್ ಕಂಪನಿ ಅಟಾರಿಯ ನೋಲನ್ ಬುಶ್ನೆಲ್ 1977ರಲ್ಲಿ ಅದೇ ಊರಿನಲ್ಲಿ ತೆರೆದ ಹೋಟೆಲು ಅದು. ಪಿಜ್ಜಾದ ರುಚಿ ಮರೆತಿದೆ, ಚೆಂಡನ್ನು ಓಣಿಯಲ್ಲಿ ಉರುಳಿಸಿ, ತುದಿಯ ಉಬ್ಬಿನಿಂದ ಹಾರಿಸಿ, ಅಂಕದ ತೂತುಗಳಿಗೆ ಬೀಳಿಸುವ ಸ್ಕೀ-ಬಾಲ್ ಆಟ ಮರೆತಿಲ್ಲ. ಈ ಸಲ ಮೈಸೂರಿನ ನಮ್ಮ ಹಜಾರದಲ್ಲಿ ಮಗಳಿಗಾಗಿ ಅದನ್ನೇ ಕಟ್ಟಿದೆ. ನೀವೂ ಕಟ್ಟಬಹುದು, ಒಂದು ಮಧ್ಯಾಹ್ನ ಸಾಕು.

ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯನ್ನು ಉದ್ದಕ್ಕೆ ಸೀಳಿ ಎರಡೂ ಅಂಚು ಮಡಚಿದರೆ ಓಣಿ ಸಿದ್ಧ. ತುದಿಯಲ್ಲಿ ಚೆಂಡು ಹಾರಲು ಒಂದು ಉಬ್ಬು ಬೇಕು. ನಾನು ಮೊದಲು ಪುಸ್ತಕಗಳನ್ನು ಜೋಡಿಸಿದ್ದೆ. ಅದು ಮೆಟ್ಟಿಲಿನಂತಾಗಿ ಚೆಂಡು ಬಡಿದು ಹಿಂದಕ್ಕೇ ಬರುತ್ತಿತ್ತು. ರಟ್ಟಿನ ಕೆಳಗೆ ಸುತ್ತಿದ ಟವೆಲ್ ಇಡಿ, ಏರು ನುಣುಪಾಗುತ್ತದೆ. ಅದರಾಚೆ ದೊಡ್ಡ ಟಬ್ಬಿಗೆ 10, ಹಿಂದಿನ ಬಕೆಟ್ಟಿಗೆ 30, ಮಣೆಯ ಮೇಲಿನ ಡಬ್ಬಿಗೆ 50 ಅಂಕ. ಎಲ್ಲದರ ಬಾಯಿಯೂ ಓಣಿಯ ಕಡೆಗೆ ವಾಲಿರಲಿ. ಟೆನಿಸ್ ಚೆಂಡು ಪುಟಿದು ಹೊರಬೀಳುತ್ತದೆ, ಆದ್ದರಿಂದ ತಳಕ್ಕೆ ಹಳೆಯ ಬಟ್ಟೆ ಹಾಸಿ.

ಒಬ್ಬರಿಗೆ ಒಂಬತ್ತು ಚೆಂಡು. ಎಸೆಯಕೂಡದು, ಉರುಳಿಸಬೇಕು. ಚಕ್ ಇ. ಚೀಸ್‌ನ ಆಟದಲ್ಲಿ ಮೇಲಿನ ಮೂಲೆಗಳಲ್ಲಿ 100ರ ಎರಡು ತೂತುಗಳಿದ್ದವು. ಅವುಗಳ ಆಸೆಗೆ ಬಿದ್ದು ನನ್ನ ಚೆಂಡುಗಳೆಲ್ಲ ಪೋಲಾಗುತ್ತಿದ್ದವು. ಅಪ್ಪ ಸುಮ್ಮನೆ ನಡುವಿನ 40ಕ್ಕೆ ಗುರಿಯಿಟ್ಟು ಅಂಕಕ್ಕೆ ತಕ್ಕಂತೆ ಯಂತ್ರದಿಂದ ಬರುವ, ಬಹುಮಾನಕ್ಕೆ ಬದಲಾಯಿಸಿಕೊಳ್ಳುವ ಟಿಕೆಟ್ಟುಗಳ ಮಾಲೆಯನ್ನೇ ಎಳೆದುಕೊಳ್ಳುತ್ತಿದ್ದರು. ಆಸೆಗೆಂದು ನಾನೂ 100ರ ಎರಡು ಚೊಂಬು ಇಟ್ಟೆ.

ಟಿಕೆಟ್ಟಿಗೆ ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ. ಬಹುಮಾನದ ಮೇಜಿನ ಮೇಲೆ ಪೆನ್ಸಿಲ್, ರಬ್ಬರ್ ಏನಾದರೂ ಇರಲಿ, ಆದರೆ ಯಾರಿಗೂ ದಕ್ಕದ ಒಂದು ದೊಡ್ಡ ವಸ್ತು ಇರಲೇಬೇಕು. ನನಗೆ ಅದು ಬಣ್ಣದ ಮೇಣದ ಗುಳ್ಳೆಗಳು ಏರಿಳಿಯುವ ಲಾವಾ ಲ್ಯಾಂಪ್ ಆಗಿತ್ತು. ಪ್ರತಿ ಸಲವೂ ಮನೆಗೆ ಬಂದದ್ದು ರಬ್ಬರಿನ ಜೇಡ.

ಕೊನೆಯದು, ಮುದ್ರೆ. ಮಕ್ಕಳು ಬೇರೆಯವರ ಜೊತೆ ಹೊರಹೋಗದಿರಲೆಂದು ಚಕ್ ಇ. ಚೀಸ್‌ನ ಬಾಗಿಲಲ್ಲಿ ಅಮ್ಮನ ಕೈಗೂ ನನ್ನ ಕೈಗೂ ಒಂದೇ ಸಂಖ್ಯೆ ಒತ್ತುತ್ತಿದ್ದರು. ಹೊರಡುವಾಗ ನೇರಳೆ ದೀಪದ ಕೆಳಗೆ ಹೊಂದಿಸಿ ನೋಡಿಯೇ ಬಿಡುತ್ತಿದ್ದರು. ಅಳಿಸಿಹೋದರೆ ಅಮ್ಮ ಬೇರೆಯವರ ಪಾಲಾಗುತ್ತಾಳೆ ಎಂದು ಮರುದಿನ ಸ್ನಾನಕ್ಕೆ ರಂಪ ಮಾಡಿದ್ದೆ. ಬಂದ ಮಕ್ಕಳ ಕೈಗೂ ತಂದೆತಾಯಿಯರ ಕೈಗೂ ಹಾಗೆಯೇ ಸಂಖ್ಯೆ ಬರೆಯಿರಿ. ಬಾಲ್ ಪೆನ್ನಿನಲ್ಲಿ ಬರೆಯಿರಿ. ಮಾರ್ಕರ್ ಎರಡು ದಿನ ಹೋಗುವುದಿಲ್ಲ, ಸೋಮವಾರ ಕಚೇರಿಯಲ್ಲಿ ಉತ್ತರ ಹೇಳಬೇಕಾಗುತ್ತದೆ.